ಬಳ್ಳಾರಿಗೆ ಹೋದವರು

ಅವ್ವ ಬಳ್ಳಾರಿ ದವಾಖಾನೆಗೆ ಹೋಗಬೇಕೆಂದು ಗೊತ್ತಾಗುವ ಹಿಂದಿನ ದಿನ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಆಗೆಲ್ಲ ಚಳಿ ಮುಗಿಯುವ ಹೊತ್ತಿಗೆ ನಮ್ಮ ಹಚ್ಚೊಳ್ಳಿಯ ಕಣಗಳು ಕೆಂಪಗಾಗುತ್ತಿದ್ದವು. ಹೊಲದಿಂದ ಬಂದ ಮೆಣಸಿನಕಾಯಿ ಹರವಿಕೊಂಡು ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಿದ್ದರು. ಘಾಟು ತಡೆಯಲು ಮೂಗಿಗೆ ಸೆರಗು ಕಟ್ಟಿಕೊಂಡರೂ ಒಬ್ಬರು ಸೀನಿದರೆ ಸಾಲಿನ ಆ ತುದಿಯವರೆಗೂ ಸೀನು ಹೋಗುತ್ತಿತ್ತು. ಆ ದಿನ ಅವ್ವ ಎಲ್ಲರಿಗೂ ಬಿಸಿ ಮಂಡಕ್ಕಿ ವಗ್ಗಾಣಿ ತಂದಿದ್ದಳು. ಕುಂಟೆಬಿಲ್ಲೆ ಆಡುತ್ತಿದ್ದ ನಾನು ಕಾಯಿ ಮುಟ್ಟಿದ ಕೈ ತೊಳೆಯದೆ ತಿಂದು, ಬಾಯಿ ಉರಿದು, ಕಣದ ತುಂಬ ಕುಣಿದಾಡಿದೆ. ಅವರೆಲ್ಲ ನಗುವುದನ್ನು ನೋಡಿ ನನಗೂ ನಗು ತಡೆಯಲಿಲ್ಲ.

ಅಪ್ಪನ ತಂಗಿ ಗಿರಿಜತ್ತೆ ಊರ ಶಾಲೆಯಲ್ಲಿ ಟೀಚರ್. ಸಂಜೆ ಕಣಕ್ಕೇ ಬಂದು, ತಾನೂ ತೊಟ್ಟು ಬಿಡಿಸುತ್ತ ನಮ್ಮಿಂದ ಕಥೆ ಓದಿಸುತ್ತಿದ್ದಳು. ನೀತಿ ಏನೆಂದು ಕೇಳುತ್ತಿರಲಿಲ್ಲ. ಓದಿದ್ದರಿಂದ ನಮಗೆ ಏನು ತಿಳಿಯಿತೋ ಅದನ್ನು ಹೇಳಬೇಕಿತ್ತು.

ಅವತ್ತಿನದು ಕುರಿಮರಿಗೆ ಮೋಸ ಮಾಡಿದ ನರಿಯ ಕಥೆ.

"ನರಿಗೋಳೆಲ್ಲ ಮೋಸಗಾರ" ಎಂದೆ.

"ಎಷ್ಟು ನರಿ ನೋಡಿ ಹೇಳ್ತೀಯಲೇ?"

"ಒಂದು."

"ಒಂದು ನರಿ ಮಾಡಿದ್ದಕ್ಕ ಅದರ ಬಳಗಾನೆಲ್ಲ ಬೈತೀಯಾ? ನೀ ಬೆಲ್ಲ ಕದ್ರ ನಾವೆಲ್ಲಾರೂ ಕಳ್ಳರೇನು?"

ಪಕ್ಕದಲ್ಲಿ ಕೂತಿದ್ದ ಖಾಜಾಬಿ ತಲೆ ಎತ್ತದೆ, "ಆಕಿ ಕದ್ದಿದ್ದು ಮಾತ್ರ ಖರೇ ಐತ್ರಿ ಟೀಚರಮ್ಮ" ಎಂದಳು. ಎಲ್ಲರೂ ನಕ್ಕರು.

ಅತ್ತೆ ಸುಮ್ಮನೆ ಬಿಡಲಿಲ್ಲ. ಬೇರೆ ಪುಸ್ತಕ ತೆಗೆಸಿ, ಇನ್ನೊಂದು ನರಿ, ಮತ್ತೊಂದು ನರಿ ಹುಡುಕಿಸಿದಳು. ಒಂದು ಕಥೆಯಲ್ಲಿ ನರಿಯೇ ಬಲೆ ಕಡಿದು ಮೊಲವನ್ನು ಬಿಡಿಸಿತ್ತು. ಕೊನೆಗೆ, ಕಥೆಯ ನರಿಗಳು ಬಹಳ ಸಲ ಮೋಸ ಮಾಡುತ್ತವೆ, ಒಮ್ಮೊಮ್ಮೆ ಮಾಡುವುದಿಲ್ಲ ಎಂಬಲ್ಲಿಗೆ ಬಂದು ನಿಂತೆವು. ಉಪ್ಪಿಲ್ಲದ ಸಾರಿನಂಥ ಮಾತು ಎಂದು ಆಗ ನನಗೆ ಅನ್ನಿಸಿತು.

ಕೆಲವು ದಿನದಿಂದ ಹೊಟ್ಟೆನೋವು ಎನ್ನುತ್ತಿದ್ದ ಅವ್ವನನ್ನು ಮರುದಿನ ಅಪ್ಪ ಸಿರುಗುಪ್ಪಕ್ಕೆ ಕರೆದೊಯ್ದ. ಅಲ್ಲಿನ ಡಾಕ್ಟರ್ ಹೊಟ್ಟೆ ಒತ್ತಿ ನೋಡಿ, ಗಡ್ಡೆ ಇದೆ, ತಡಮಾಡದೆ ಬಳ್ಳಾರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿ ಎಂದರು. ಊರಿಗೆ ಮರಳಿದ ಕೂಡಲೇ ಅಪ್ಪ ಅವ್ವನಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿದ. ಬಸ್ಸಿಗೆ ಬಿಡಲು ಟ್ರ್ಯಾಕ್ಟರ್ ಬಾಗಿಲಿಗೆ ಬಂದು ನಿಂತಿತು. ನಾನು ಅವ್ವನ ಸೆರಗು ಮುಷ್ಟಿಯಲ್ಲಿ ಹಿಡಿದು ಬಿಡಲಿಲ್ಲ. ಅಪ್ಪ ಬೈದ, ಅವ್ವ ಅತ್ತಳು.

"ಬಳ್ಳಾರಿಗೆ ಹೋದೋರು ಯಾರೂ ತಿರುಗಿ ಬರಂಗಿಲ್ಲ!" ಎಂದು ಕೂಗಿದೆ.

ಅತ್ತೆ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಯಾರ್ಯಾರು ಬಂದಿಲ್ಲ?"

"ತಾತ. ಈರಮ್ಮನ ಮನೆಯಾತ."

"ಮತ್ತ?"

ನನಗೆ ಮತ್ತೆ ಯಾರೂ ನೆನಪಾಗಲಿಲ್ಲ.

"ಕಣದಾಗ ಅಷ್ಟು ಮಂದಿ ಕುಂತಾರ. ನಡಿ, ಕೇಳ್ಕೊಂಡು ಬರೋಣು. ಟ್ರ್ಯಾಕ್ಟರ್ ನಿಂತಿರತೈತಿ."

ಕಣಕ್ಕೆ ಹೋಗಿ ಬಿಕ್ಕುತ್ತಲೇ ಕೇಳಿದೆ, ಬಳ್ಳಾರಿಗೆ ಹೋಗಿ ಬಂದವರು ಯಾರೆಂದು. ಖಾಜಾಬಿ ಸೆರಗು ಸರಿಸಿ ಸೊಂಟದ ಮೇಲಿನ ಹೊಲಿಗೆ ಗುರುತು ತೋರಿಸಿದಳು. "ಕಲ್ಲು ತಗದಾರ ನೋಡು. ನಮ್ಮ ಮನೆಯಾತಗ ಇನ್ನೊಂದು ಮದುವಿ ಆಸಿ ಇತ್ತು, ನಾನ ತಿರುಗಿ ಬಂದು ಕೆಡಿಸಿಬಿಟ್ಟೆ." ಹಾವು ಕಚ್ಚಿ ಹೋಗಿಬಂದ ಮುದುಕಿ ಕಾಲು ಚಾಚಿದಳು. ಅಲ್ಲೇ ಹೆರಿಗೆಯಾದವಳು ಬೆಲ್ಲದ ಚೂರು ಚೀಪುತ್ತಿದ್ದ ಮಗಳನ್ನು ಎತ್ತಿ ತೋರಿಸಿದಳು. ದಿನಾ ನೋಡುವ ಅದೇ ಹೆಂಗಸರು. ಅವರನ್ನು ಕೊಯ್ದು ಹೊಲಿದಿದ್ದರು, ಅವರು ಸಾವಿನ ಬಾಗಿಲವರೆಗೆ ಹೋಗಿ ಬಂದು ಇಲ್ಲಿ ತೊಟ್ಟು ಬಿಡಿಸುತ್ತಿದ್ದರು, ಮತ್ತು ನನಗೆ ಗೊತ್ತೇ ಇರಲಿಲ್ಲ. ಬರದವರ ಮಾತನ್ನು ಊರು ವರ್ಷಗಟ್ಟಲೆ ಆಡುತ್ತಿತ್ತು. ಬಂದವರು ಕೆಲಸಕ್ಕೆ ಇಳಿದುಬಿಡುತ್ತಿದ್ದರು, ಅವರದೊಂದು ಕಥೆಯಾಗುತ್ತಿರಲಿಲ್ಲ. ಬಾಯಿ ತೆರೆದುಕೊಂಡು ಒಬ್ಬೊಬ್ಬರನ್ನೇ ನೋಡುತ್ತ ನಿಂತೆ. ಅಳು ಯಾವಾಗ ನಿಂತಿತೋ ತಿಳಿಯಲಿಲ್ಲ.

ಸಾಲಿನ ಕೊನೆಗೆ ಈರಮ್ಮ ಇದ್ದಳು. ಅವಳನ್ನು ಕೇಳಬೇಕೋ ಬೇಡವೋ ಎಂದು ನಿಂತೆ. ಅವಳೇ ಹೇಳಿದಳು: "ನಮ್ಮಾತ ಬರಲಿಲ್ಲವ್ವ." ಅವಳ ಕೈ ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಈಗ ಏನಂತಿ?" ಎಂದಳು ಅತ್ತೆ.

"ಎಲ್ಲಾರೂ ಬರ್ತಾರ."

"ಈರಮ್ಮನ ಮುಂದ ನಿಂತು ಹಂಗ ಅಂತೀಯಾ?"

ಈರಮ್ಮನ ಕಡೆ ತಿರುಗಿದೆ. "ಭಾಳ ಮಂದಿ ಬರ್ತಾರ."

"ಹಾಂ. ಅದು ಖರೇ ಮಾತು."

"ಅವ್ವ ಬರ್ತಾಳಾ ಅತ್ತಿ?"

ಬರುತ್ತಾಳೆ ಎಂದು ಅತ್ತೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ. "ಭಾಳ ಮಂದಿ ಬರ್ತಾರ ಅಂದೆಲ್ಲ, ನಾನೂ ಅದನ್ನ ಗಟ್ಟಿಯಾಗಿ ಹಿಡ್ಕೊಂಡೀನಿ" ಎಂದಳು.

ಈರಮ್ಮ ನನ್ನ ಬೆನ್ನ ಮೇಲೆ ಮೆಲ್ಲಗೆ ತಟ್ಟಿದಳು. "ಹೋಗು, ನಿಮ್ಮವ್ವನ್ನ ನಕ್ಕೊಂತ ಕಳಿಸು."

ಅವ್ವನ ಚೀಲವನ್ನು ಟ್ರ್ಯಾಕ್ಟರಿಗೆ ನಾನೇ ಎತ್ತಿಕೊಟ್ಟೆ. ಕಣದ ಮೆಣಸಿನಕಾಯಿಯೆಲ್ಲ ಮಾರಾಟಕ್ಕೆ ಹೋದ ಮೇಲೆ ಅವ್ವ ಬಂದಳು, ಬಡಕಲಾಗಿ, ಅಪ್ಪನ ಭುಜ ಹಿಡಿದು. ಮುಂದಿನ ವರ್ಷ ಅದೇ ಸಾಲಿನಲ್ಲಿ ಕೂತು ಖಾಜಾಬಿಯ ಜೊತೆ ಹೊಲಿಗೆಯ ಉದ್ದ ಹೋಲಿಸಿ ಜಗಳವಾಡಿದಳು.

ಈಗ ನಾನು ಬಳ್ಳಾರಿಯಲ್ಲೇ, ಕೌಲ್ ಬಜಾರಿನಲ್ಲಿ ಇದ್ದೇನೆ. ಊರಲ್ಲಿ ನಮ್ಮ ಕಣದ ಜಾಗದಲ್ಲಿ ಮನೆ ಎದ್ದಿದೆ. ಆ ಹೆಂಗಸರು ಒಟ್ಟಿಗೆ ಕೂರುವ ಜಾಗ ಯಾವುದೂ ಉಳಿದಿಲ್ಲ. ಹೋದ ವರ್ಷ ಅತ್ತೆ ತೀರಿಕೊಂಡಳು. ಯಾವ ದವಾಖಾನೆಗೂ ಹೋಗದೆ, ಊಟ ಮಾಡಿ ಮಲಗಿದವಳು ಏಳಲಿಲ್ಲ.

ಮೊನ್ನೆ ಮಗಳಿಂದ ಕಥೆ ಓದಿಸುತ್ತಿದ್ದೆ. ಕಥೆಯಲ್ಲಿ ಮುದುಕಿಯೊಬ್ಬಳು ಸಾಯುತ್ತಾಳೆ. ಮಗಳು ಪುಸ್ತಕ ಮುಚ್ಚಿ, "ಎಲ್ಲಾರೂ ಸಾಯ್ತಾರೇನಮ್ಮ?" ಎಂದಳು. ಅತ್ತೆಯಂತೆ ಇನ್ನೊಂದು ಪುಸ್ತಕ ತೆಗೆ ಎನ್ನೋಣವೆಂದರೆ, ಸಾಯದವರು ಯಾವ ಪುಸ್ತಕ ತೆಗೆದರೂ ಸಿಗುವುದಿಲ್ಲ. ಹೌದು ಎಂದೆ. ಅವಳು ಹತ್ತಿರ ಸರಿದು ನನ್ನ ಸೆರಗು ಹಿಡಿದುಕೊಂಡಳು.

ಇಷ್ಟು ಚಿಕ್ಕ ಹುಡುಗಿಗೆ ಅದನ್ನು ಹೇಗೆ ಹೇಳಬೇಕೆಂದು ಅತ್ತೆಗೆ ಗೊತ್ತಿರುತ್ತಿತ್ತು. ಕೇಳೋಣವೆಂದರೆ ಅತ್ತೆ ಇಲ್ಲ.