ಕೆಂಪು ಗೆರೆ ಯಾವ ಕಡೆ

ನಮ್ಮ ಅಕ್ಕನ ಗಂಡ ಎಲೆಕ್ಟ್ರಿಷಿಯನ್. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ. ಅವರ ಮನೆಯ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ವೈರಿನ ಸುರುಳಿಗಳು, ಹಳೆಯ ಸ್ವಿಚ್ ಬೋರ್ಡುಗಳು, ಬಿಚ್ಚಿಹಾಕಿದ ಸ್ಟೆಬಿಲೈಜರುಗಳು. ಅಂಥ ಮನೆಯಲ್ಲಿ ಅಕ್ಕನ ಒಂದು ಪೆಟ್ಟಿಗೆಗೆ ಕೊಡಲು ಕರೆಂಟಿರಲಿಲ್ಲ. ಇರಲಿಲ್ಲ ಅನ್ನುವುದಕ್ಕಿಂತ ಕೊಡುವ ಮನಸ್ಸಿರಲಿಲ್ಲ ಅನ್ನಿ.

ಅಕ್ಕ ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಗಾಜನ್ನು ಫ್ರೇಮಿನ ಅಳತೆಗೆ ತೇಯ್ದು ಕೂರಿಸಿ, ಕಣ್ಣಿಗೆ ಕಾಣಿಸದಷ್ಟು ಸಣ್ಣ ಸ್ಕ್ರೂ ಬಿಗಿಯುವ ಕೆಲಸ. ದಿನವಿಡೀ ತೇಯುವ ಯಂತ್ರದ ಪಕ್ಕ ಕೂತವರಿಗೆ ಸಂಜೆ ತಲೆ ಸಿಡಿಯುತ್ತದೆ. ನಮ್ಮ ಅಕ್ಕನಿಗೆ ಮಾತ್ರ ಅದರ ಸದ್ದಿನ ಮೇಲೇ ಕಿವಿ. ದಪ್ಪ ಗಾಜಿಗೆ ಒಂದು ಸ್ವರ, ತೆಳು ಗಾಜಿಗೆ ಒಂದು ಸ್ವರ ಅಂತ ನನ್ನ ಮುಂದೆ ಬಾಯಲ್ಲೇ ಕೂಗಿ ತೋರಿಸುತ್ತಿದ್ದಳು. ಹಾಗೆ ಶುರುವಾದ ಹುಚ್ಚು ಕೊನೆಗೆ ಪೆಟ್ಟಿಗೆಯಾಗಿ ಬೆಳೆಯಿತು.

ಅದು ಸದ್ದಿನ ಪೆಟ್ಟಿಗೆ. ಹಳೆಯ ಸೂಟ್‌ಕೇಸಿನೊಳಗೆ ಒಂದರ ಪಕ್ಕ ಒಂದು ಏಳು ಫಲಕಗಳು, ಎಲ್ಲವೂ ಅವಳೇ ಬೆಸುಗೆ ಹಾಕಿ ಮಾಡಿದವು. ಒಂದು ಫಲಕ ಸ್ವರ ಹುಟ್ಟಿಸುತ್ತದೆ, ಒಂದು ಅದನ್ನು ಏರಿಸಿ ಇಳಿಸುತ್ತದೆ, ಒಂದು ಬರೀ ಗಾಳಿಯಂತೆ ಊದುತ್ತದೆ. ಯಾವುದರ ಸದ್ದು ಯಾವುದರೊಳಗೆ ಹಾಯಬೇಕು ಅನ್ನುವುದನ್ನು ಮುಂದಿನಿಂದ ತುಂಡು ವೈರು ಚುಚ್ಚಿ ನಾವೇ ತೀರ್ಮಾನಿಸಬೇಕು. ಭಾವ ಅದಕ್ಕೆ 'ಕುಯ್ಯೋ ಪೆಟ್ಟಿಗೆ' ಅಂತ ಹೆಸರಿಟ್ಟರು. ಮನೆಗೆ ಬಂದವರಿಗೆಲ್ಲ ಆ ಹೆಸರು ಹೇಳಿ ನಗಿಸುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಫಲಕ ಮಾಡುವುದಕ್ಕಿಂತ ಅದಕ್ಕೆ ಕರೆಂಟು ಹೊಂದಿಸುವುದೇ ದೊಡ್ಡ ಗೋಳು. ಉಯ್ಯಾಲೆ ಮುಂದಕ್ಕೂ ಹೋಗಬೇಕು, ಹಿಂದಕ್ಕೂ ಬರಬೇಕಲ್ಲ, ಸದ್ದೂ ಹಾಗೇ. ಆದ್ದರಿಂದ ಈ ಪೆಟ್ಟಿಗೆಗೆ ಸೊನ್ನೆಯ ಮೇಲೆ ಹನ್ನೆರಡು ವೋಲ್ಟು, ಸೊನ್ನೆಯ ಕೆಳಗೆ ಹನ್ನೆರಡು ವೋಲ್ಟು, ಎರಡೂ ಬೇಕು. ಅದಕ್ಕೆಂದೇ ತಯಾರಾಗಿ ಬರುವ ಸಪ್ಲೈ ಕೊಳ್ಳುವುದು ಕನ್ನಡಕದ ಅಂಗಡಿಯ ಸಂಬಳಕ್ಕೆ ನಿಲುಕುವ ಮಾತಲ್ಲ. ಮೊದಲು ಎರಡು ಚೌಕ ಬ್ಯಾಟರಿ ಜೋಡಿಸಿದಳು. ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ಸು ಕಟ್ಟಿ, ಆ ಗಂಟನ್ನೇ ಸೊನ್ನೆ ಅಂತ ಇಟ್ಟುಕೊಂಡರೆ ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ಹನ್ನೆರಡಲ್ಲ, ಒಂಬತ್ತೇ ವೋಲ್ಟು, ಆದರೂ ಒಂದು ಫಲಕಕ್ಕೆ ಅದು ಸಾಕಿತ್ತು. ಏಳಕ್ಕೂ ಹಂಚಿದರೆ ಸ್ವಲ್ಪ ಹೊತ್ತಿಗೇ ಬ್ಯಾಟರಿ ಕಣ್ಣು ಮುಚ್ಚುತ್ತಿತ್ತು. ಆಮೇಲೆ ಫೋನಿನ ಚಾರ್ಜರಿಗೆ ಏನೇನೋ ಸೇರಿಸಿ ನೋಡಿದಳು. ಏನೂ ನುಡಿಸದಿದ್ದರೂ ಪೆಟ್ಟಿಗೆ ಸೊಳ್ಳೆಯ ಹಾಗೆ ತನ್ನಷ್ಟಕ್ಕೇ ಗುಂಯ್‌ಗುಡುತ್ತಿತ್ತು.

"ಭಾವನ ರೂಮಲ್ಲಿ ಟ್ರಾನ್ಸ್‌ಫಾರ್ಮರ್ ಬೇಕಾದಷ್ಟು ಬಿದ್ದಿವೆ. ಒಂದು ಕೇಳು," ಅಂದೆ.

"ಕೇಳ್ದೆ ಕಣೆ. ಕರೆಂಟ್ ಜೊತೆ ಹೆಂಗಸ್ರು ಆಟ ಆಡಬಾರ್ದು ಅಂದ್ರು."

ಕೇಳಿದಿರಾ? ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡು, ಇವೆಲ್ಲ ಅಕ್ಕನ ಕೈಯಲ್ಲಿ ನೀರಿನಿಂದ ನಡೆಯುತ್ತಿದ್ದವೇನೋ!

ಕೊನೆಗೆ ದಾರಿ ತೋರಿಸಿದ್ದು ಅಂಗಡಿಯ ಕಿಟಕಿಯಲ್ಲಿದ್ದ ಅಲಂಕಾರದ ಕಾರಂಜಿ. ಅದರ ಪಂಪು ಕೆಟ್ಟು, ಮಾಲೀಕರು ಕಸಕ್ಕೆ ಹಾಕಲು ಹೊರಟಿದ್ದರು. ಅಕ್ಕ ಕಾರಂಜಿ ಬಿಟ್ಟು ಅದರ ಅಡಾಪ್ಟರ್ ಬೇಡಿ ತಂದಳು. ಬೇರೆ ಅಡಾಪ್ಟರುಗಳಂತೆ ಅದು ಕರೆಂಟನ್ನು ಒಂದೇ ಕಡೆಗೆ ತಿರುಗಿಸಿ ಕೊಡುವುದಿಲ್ಲ. ಗೋಡೆಯಲ್ಲಿ ಬರುವ ಹಾಗೇ ಹಿಂದೆ ಮುಂದೆ ತೂಗುವ ಕರೆಂಟನ್ನೇ ತಗ್ಗಿಸಿ ಕೊಡುತ್ತದೆ. ಎರಡು ಡಯೋಡು ಹಾಕಿ ಮೇಲಿನ ಅರ್ಧವನ್ನು ಒಂದು ಕಡೆ, ಕೆಳಗಿನ ಅರ್ಧವನ್ನು ಇನ್ನೊಂದು ಕಡೆ ಹಿಡಿದಿಟ್ಟು, ವೋಲ್ಟು ಅಲುಗದಂತೆ ಕಾಯಲು ಎರಡೂ ಕಡೆ ಒಂದೊಂದು ರೆಗ್ಯುಲೇಟರ್ ಕೂರಿಸಿದಳು. ಸ್ವಿಚ್ ಹಾಕಿದಾಗ ನಾನು ಪಕ್ಕದಲ್ಲೇ ಇದ್ದೆ. ಏನೂ ಕೇಳಿಸಲಿಲ್ಲ.

"ಕೆಲಸ ಮಾಡ್ತಿಲ್ವಾ ಅಕ್ಕ?"

"ಮಾಡ್ತಿದೆ. ಸುಮ್ನಿದೆ ನೋಡು," ಅಂದಳು. ತಾನು ಹೇಳುವವರೆಗೆ ಸುಮ್ಮನಿರುವ ಒಂದು ವಸ್ತು ಈ ಮನೆಗೆ ಬಂತು ಅನ್ನುವಷ್ಟು ಖುಷಿ ಅವಳ ಮುಖದಲ್ಲಿತ್ತು.

ಒಂದು ದಿನ ಅವಳ ಅಂಗಡಿಗೆ ಕನ್ನಡಕಕ್ಕೆಂದು ನಾಟಕ ತಂಡ ನಡೆಸುವ ಮೇಡಂ ಒಬ್ಬರು ಬಂದರು. ಸಮುದ್ರದ ನಡುವೆ ನಡೆಯುವ ಹೊಸ ನಾಟಕ, ಸದ್ದಿಗೆ ಸರಿಯಾದವರು ಸಿಗುತ್ತಿಲ್ಲ ಅಂತ ಮಾತಿಗೆ ಹೇಳಿದರಂತೆ. ಅಕ್ಕ ಧೈರ್ಯ ಮಾಡಿ ಪೆಟ್ಟಿಗೆಯ ವಿಷಯ ಹೇಳಿದಳು. ಭಾನುವಾರ ಮನೆಗೇ ಬಂದು ಕೇಳುತ್ತೇನೆ, ಚೆನ್ನಾಗಿದ್ದರೆ ತಂಡದ ಸದ್ದಿನ ಕೆಲಸ ನಿನ್ನದೇ ಅಂದರು ಮೇಡಂ. ಅಕ್ಕನ ಜೀವಮಾನದಲ್ಲಿ ಯಾರಾದರೂ ಅವಳನ್ನು ಹುಡುಕಿಕೊಂಡು ಬರುವುದು ಅಂತ ಇದ್ದರೆ ಇದೊಂದೇ.

ಇಲ್ಲಿ ಒಂದು ವಿವರ ಹೇಳಬೇಕು. ಫಲಕಗಳಿಗೆ ಕರೆಂಟು ಹೋಗುವುದು ಚಪ್ಪಟೆ ವೈರಿನ ಪಟ್ಟಿಯಲ್ಲಿ. ಪಟ್ಟಿಯ ಒಂದು ಅಂಚಿಗೆ ಕೆಂಪು ಗೆರೆ. ಇಂಥ ಪೆಟ್ಟಿಗೆ ಮಾಡುವವರ ಪದ್ಧತಿಯಲ್ಲಿ ಆ ಕೆಂಪು ಗೆರೆ ಮೈನಸ್ಸಿನ ಕಡೆ ಇರಬೇಕು. ಯಾಕೆ ಅಂತ ಕೇಳಬೇಡಿ, ಜಗತ್ತಿನಲ್ಲೆಲ್ಲ ಹಾಗೇ. ಊಟಕ್ಕೆ ಕೂತಾಗ ಅಕ್ಕ ಇದನ್ನು ತಮಾಷೆಯ ವಿಷಯವೆಂದು ಹೇಳಿದ್ದಳು.

"ಕೆಂಪು ಅಂದ್ರೆ ಪ್ಲಸ್ಸು. ಚಿಕ್ಕ ಮಕ್ಕಳಿಗೂ ಗೊತ್ತು," ಅಂದಿದ್ದರು ಭಾವ.

"ಇದರಲ್ಲಿ ಮಾತ್ರ ಉಲ್ಟಾ ರೀ."

ಭಾವ ನಕ್ಕು ತಮ್ಮ ತಾಯಿಯ ಕಡೆ ನೋಡಿದ್ದರು. ಅತ್ತೆಯೂ ನಕ್ಕಿದ್ದರು.

ಭಾನುವಾರ ಬೆಳಿಗ್ಗೆ ಅಕ್ಕನೂ ನಾನೂ ಮೇಡಂ ಅವರನ್ನು ಬಸ್ ಸ್ಟಾಪಿನಿಂದ ಕರೆತರಲು ಹೋದೆವು. ಇಷ್ಟು ದಿನ ಪೆಟ್ಟಿಗೆಯತ್ತ ತಿರುಗಿಯೂ ನೋಡದ ಭಾವನಿಗೆ, ದೊಡ್ಡವರು ಬರುತ್ತಾರೆ ಅಂದ ಕೂಡಲೇ ಎಲ್ಲಿಲ್ಲದ ಕಾಳಜಿ ಬಂತು. ನಾವು ಹೊರಟ ಮೇಲೆ ಸೂಟ್‌ಕೇಸು ಬಿಚ್ಚಿ, ಕೆಂಪು ಗೆರೆಗಳೆಲ್ಲ 'ತಪ್ಪು' ಕಡೆಗಿರುವುದನ್ನು ಕಂಡು, ಒಂದೊಂದೇ ಪಟ್ಟಿ ಕಿತ್ತು, ತಿರುಗಿಸಿ ಚುಚ್ಚಿದ್ದಾರೆ. ಅಕ್ಕ ಹಾಕಿದ್ದು ಅಗ್ಗದ ಕನೆಕ್ಟರು, ಹೇಗೆ ಚುಚ್ಚಿದರೂ ಸಲೀಸಾಗಿ ಕೂರುತ್ತದೆ. ತಿರುಗಿಸಿದ್ದು ಆರು. ಗಾಳಿಯ ಫಲಕ ಮಾತ್ರ, ಸದ್ದು ಏರಿಸಲು ತಿರುಗಿಸುವ ಗುಬುಟು ಸಡಿಲವಾಗಿದೆಯೆಂದು, ಮೇಜಿನ ಮೇಲೆ ಬೇರೆಯಾಗಿ ಇಟ್ಟಿತ್ತು.

ಮೇಡಂ ಬಂದು ಕೂತರು. ಅತ್ತೆ ಚಹಾ ಕೊಟ್ಟರು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಸ್ವಿಚ್ ಹಾಕಿದಳು. ಪಟ್ ಅಂತ ಒಂದು ಸದ್ದು, ಇನ್ನೊಂದು ಸದ್ದು, ಆಮೇಲೆ ಸುಟ್ಟ ವಾಸನೆ. ಫಲಕಗಳ ಸಂದಿಯಿಂದ ತೆಳ್ಳಗೆ ಹೊಗೆ ಎದ್ದಿತು. ಅಕ್ಕ ಪ್ಲಗ್ ಎಳೆದು ಒಳಗೆ ಇಣುಕಿದಳು.

"ಪಟ್ಟಿ ಯಾರು ತಿರುಗಿಸಿದ್ದು?"

"ನಾನೇ. ನೀನು ಉಲ್ಟಾ ಹಾಕಿದ್ದೆ. ಸರಿ ಮಾಡಿಟ್ಟೆ," ಅಂದರು ಭಾವ. ಅಷ್ಟು ಹೊತ್ತಿಗೂ ಅವರಿಗೆ ಗೊತ್ತಾಗಿರಲಿಲ್ಲ. ಗೊತ್ತಾದ ಮೇಲೆ ಕ್ಷಮೆ ಕೇಳಿದರೆ? ಎಳ್ಳಷ್ಟೂ ಇಲ್ಲ. "ಕೆಂಪನ್ನ ಮೈನಸ್ಸಿಗೆ ಹಾಕೋ ಹುಚ್ಚರು ಯಾರಿರ್ತಾರೆ? ನಾನೇನು ಕನಸು ಕಾಣ್ಲಾ?" ಅಂತ ಮುಖ ಸಪ್ಪೆ ಮಾಡಿಕೊಂಡು ಕೂತರು.

"ಪಾಪ, ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು ಕಣಮ್ಮ. ಅವನ ಮೇಲೆ ಬೇಜಾರು ಮಾಡ್ಕೋಬೇಡ," ಅಂದರು ಅತ್ತೆ. ಮಗನ ಬೆನ್ನು ಸವರಿ, ಇನ್ನೊಂದು ಲೋಟ ಚಹಾ ಅವರಿಗೇ ಕೊಟ್ಟರು.

ಸುಟ್ಟುಹೋಗಿದ್ದು ಅಕ್ಕನ ಎರಡು ವರ್ಷ. ಸಮಾಧಾನ ಸಿಕ್ಕಿದ್ದು ಭಾವನಿಗೆ. ನನಗೆ ತಡೆಯಲಾಗಲಿಲ್ಲ.

"ಅವತ್ತು ಊಟಕ್ಕೆ ಕೂತಾಗ ಹೇಳಿದ್ಲಲ್ಲ ಭಾವ! ನಿಮ್ಮ ಕಿವಿ ಎಲ್ಲಿತ್ತು?"

"ನೀನು ಸುಮ್ನಿರು. ಗಂಡ ಹೆಂಡ್ತಿ ಮಧ್ಯೆ ಬರಬೇಡ."

ಮೇಡಂ ಚೀಲ ಕೈಗೆತ್ತಿಕೊಂಡು, "ಪರವಾಗಿಲ್ಲಮ್ಮ, ಇನ್ನೊಂದ್ಸಲ ನೋಡೋಣ," ಅಂದರು. ಆ ಇನ್ನೊಂದು ಸಲ ಬರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

"ಸ್ವಲ್ಪ ಕೂತ್ಕೊಳ್ಳಿ ಮೇಡಂ," ಅಂದಳು ಅಕ್ಕ.

ಬಾಗಿಲ ಪಕ್ಕದ ಮೊಳೆಗೆ ಭಾವನ ಟೂಲ್ ಬ್ಯಾಗು ತೂಗುಹಾಕಿತ್ತು. ಮದುವೆಯಾದಾಗಿನಿಂದ ಆ ಬ್ಯಾಗನ್ನು ಮನೆಯಲ್ಲಿ ಯಾರೂ ಮುಟ್ಟಿದ್ದಿಲ್ಲ, ಧೂಳು ಹೊಡೆಯುವಾಗಲೂ ಅದನ್ನು ತಪ್ಪಿಸಿಯೇ ಹೊಡೆಯಬೇಕು. ಅಕ್ಕ ಅದನ್ನು ಇಳಿಸಿ, ಒಳಗಿದ್ದ, ಕರೆಂಟು ಅಳೆಯುವ ಎರಡು ಮೀಟರುಗಳನ್ನು ತೆಗೆದಳು, ಒಂದು ಹಳೆಯದು, ಒಂದು ಹೊಸದು. ಕನ್ನಡಕದ ಸ್ಕ್ರೂ ಡ್ರೈವರಿನಿಂದ ಎರಡರ ಬೆನ್ನೂ ಬಿಚ್ಚಿ, ಒಳಗಿನ ಚೌಕ ಬ್ಯಾಟರಿ ಕಿತ್ತಳು. ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ಸು. ನಡುವಿನ ಗಂಟು ಸೊನ್ನೆ. ಮೇಜಿನ ಮೇಲೆ ಒಂಟಿಯಾಗಿ ಉಳಿದಿದ್ದ ಗಾಳಿಯ ಫಲಕಕ್ಕೆ ಮೂರು ವೈರು ಸಿಕ್ಕಿಸಿ, ಫಲಕವನ್ನು ಸ್ಪೀಕರಿಗೆ ಜೋಡಿಸಿದಳು.

ಮೊದಲು ಏನೂ ಇಲ್ಲ. ಆಮೇಲೆ ಅವಳು ಆ ಸಡಿಲ ಗುಬುಟನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ತಿರುಗಿಸಿದಳು. ಸ್ಪೀಕರಿದ್ದ ಮೂಲೆಯಿಂದ ಗಾಳಿ ಎದ್ದಿತು. ಅದು ಅಲೆಯಾಗಿ ಬಂದು ಗೋಡೆಗೆ ಬಡಿದು, ಹಿಂದಕ್ಕೆ ಸರಿದು, ಮತ್ತೆ ಬಂತು. ಮೇಡಂ ಚೀಲ ಕೆಳಗಿಟ್ಟರು. ಅತ್ತೆ ಕಿಟಕಿ ಮುಚ್ಚಿದೆಯಾ ಅಂತ ತಿರುಗಿ ನೋಡಿದರು.

"ಅಯ್ಯೋ, ಇದೇ ಸಾಕಮ್ಮ ನನಗೆ," ಅಂದರು ಮೇಡಂ. "ನಾಟಕ ಪೂರ್ತಿ ಸಮುದ್ರಾನೇ. ಮಂಗಳವಾರ ರಿಹರ್ಸಲ್‌ಗೆ ಬಂದುಬಿಡು."

ಅಷ್ಟರಲ್ಲಿ ಭಾವ ಎದ್ದು ನಿಂತಿದ್ದರು. ಬೆನ್ನು ಬಿಚ್ಚಿ ಬಿದ್ದಿದ್ದ ಮೀಟರುಗಳ ಮೇಲೆ ಅವರ ಕಣ್ಣಿತ್ತು.

"ಅಲ್ಲ, ಅದು ನನ್ನ ಕೆಲಸದ ಸಾಮಾನು! ನನ್ನ ಒಂದು ಮಾತು ಕೇಳದೆ ಮುಟ್ಟೋದಾ?"

ಅಕ್ಕ ಗುಬುಟಿನ ಮೇಲಿಂದ ಕೈ ತೆಗೆಯಲಿಲ್ಲ.

"ಕೇಳಬೇಕಿತ್ತು, ಅಲ್ವಾ?" ಅಂದಳು.

ಅತ್ತೆ ಈ ಸಲ ಯಾರನ್ನೂ ಪಾಪ ಅನ್ನಲಿಲ್ಲ. ಗಾಳಿ ಇನ್ನೂ ಬೀಸುತ್ತಿತ್ತು, ಮತ್ತು ಬ್ಯಾಟರಿ ತೀರುವವರೆಗೆ ಅಕ್ಕ ಅದನ್ನು ನಿಲ್ಲಿಸಲಿಲ್ಲ.