ದೊಡ್ಡವ್ವನಿಗೆ ಆರೈಕೆ ಕೇಂದ್ರ ಹುಡುಕಿದ್ದು

ದೊಡ್ಡವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಯಿತು. ಒಂದೆರಡು ತಿಂಗಳು ನರ್ಸ್ ಇರುವ ಕಡೆ ಇಡಿ ಎಂದರು ಡಾಕ್ಟರು. ಎಲ್ಲಿ ಚೆನ್ನಾಗಿದೆ ನೋಡೋಣವೆಂದು ಅವಳ ತಂಗಿ, ಅಂದರೆ ನನ್ನ ಅವ್ವ, ನನ್ನನ್ನೂ ಕರೆದುಕೊಂಡು ಹೊರಟಳು. ಎಂಬತ್ತು ದಾಟಿದ ಅವ್ವನ ಬೆನ್ನು ಇನ್ನೂ ನೆಟ್ಟಗಿದೆ, ತಲೆಗೆ ಕಪ್ಪು ಮೆಹಂದಿ. ನನಗೋ ಬೋಳುತಲೆ, ಬಿಳಿ ಗಡ್ಡ, ಮೊಣಕಾಲು ನೋವು.

ಬೀದರಿನ ಕೇಂದ್ರದಲ್ಲಿ ಎಸಿ, ಲಿಫ್ಟು, ಹೊಳೆಯುವ ನೆಲ. ಬಾಗಿಲಲ್ಲೇ ಒಬ್ಬ ಗಾಲಿಕುರ್ಚಿ ತಂದು ನನ್ನ ಹಿಂದೆ ತಳ್ಳಿದ. ಕಾಲು ನೋಯುತ್ತಿತ್ತು, ಕೂತುಬಿಟ್ಟೆ.

"ಮುತ್ಯಾಗ ಹಿಂಗಾಗಿ ಎಷ್ಟ ದಿನ ಆಯ್ತ್ರಿ ಅಕ್ಕಾ?" ಎಂದು ಈ 'ಅಜ್ಜ'ನತ್ತ ಕೈ ಮಾಡಿ ಅವ್ವನನ್ನು ಕೇಳಿದ.

"ಹುಟ್ಟಿದಾಗಿಂದ ಹಿಂಗೇ ಅದಾನ" ಎಂದು ಅವ್ವ ನೇರ ಬಚ್ಚಲು ನೋಡಲು ಹೋದಳು. ಬಂದವಳೇ, "ಹಿಡ್ಕೊಳ್ಳಾಕ ಒಂದು ಸರಳೂ ಇಲ್ಲ. ಅಕ್ಕ ಮತ್ತ ಬೀಳ್ತಾಳ, ನಡಿ" ಎಂದಳು.

ಮರುದಿನ ಭಾಲ್ಕಿಯಲ್ಲಿ, ನಾನು ಪೇಷಂಟ್ ಅಲ್ಲ ಎಂದು ಮೊದಲೇ ಹೇಳಿದೆ.

"ಬಂದವರೆಲ್ಲಾ ಹಂಗೇ ಅಂತಾರ್ರಿ ಮುತ್ಯಾ" ಎನ್ನುತ್ತ ನರ್ಸ್ ತೋಳಿಗೆ ಪಟ್ಟಿ ಸುತ್ತಿದಳು. ಬಿಪಿ ಏರಿತ್ತು. ಮಲಗಿಸಿದರು. ಪಕ್ಕದ ಮಂಚದ ಮುದುಕರು ಕನಿಕರದಿಂದ, "ಮಗಳು ಬಿಟ್ಟು ಹೋದ್ಳೇನ್ರಿ?" ಎಂದರು.

"ಆಕಿ ನಮ್ಮ ಅವ್ವರಿ."

ಅವರು ಬಾಗಿಲತ್ತ ತಿರುಗಿ, "ಸಿಸ್ಟರ್, ಇವರಿಗಿ ನೆನಪೂ ಹೋಗ್ಯಾದ್ರಿ!" ಎಂದು ಕೂಗಿದರು.

ಅಷ್ಟರಲ್ಲಿ ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಪಲ್ಯ ಉಂಡು ಮೆಚ್ಚಿಕೊಂಡಿದ್ದಳು. ಆದರೆ ರಾತ್ರಿ ನರ್ಸ್ ಇರುವುದಿಲ್ಲವೆಂದು ತಿಳಿದು ನನ್ನನ್ನು ಮಂಚದಿಂದ ಎಬ್ಬಿಸಿದಳು.

ಔರಾದಿಗೆ ಹೋಗುವಷ್ಟರಲ್ಲಿ ನನಗೆ ವಾದಿಸುವ ಶಕ್ತಿ ಉಳಿದಿರಲಿಲ್ಲ. "ಪೇಷಂಟ್ ಯಾರ್ರಿ?" ಎಂದು ಅಲ್ಲಿನ ಸಿಸ್ಟರ್ ಕೇಳಿದಾಗ "ನಾನೇ" ಎಂದೆ.

"ನಿಮಗೇನಾಗ್ಯಾದ್ರಿ ಕಾಕಾ? ಮೊಣಕಾಲು ಅಷ್ಟೇ. ಸರೀರಿ ಅತ್ಲಾಗ" ಎಂದು, ನಾನು ಕುಂಟುವುದನ್ನು ನೋಡಿದ್ದ ಆಕೆ ಅವ್ವನನ್ನು ಕೇಂದ್ರ ತೋರಿಸಲು ಒಳಗೆ ಕರೆದೊಯ್ದಳು. ಅಲ್ಲಿ ಎಸಿ ಇಲ್ಲ, ಮೇಲಂತಸ್ತೂ ಇಲ್ಲ. ಆದರೆ ಬಚ್ಚಲ ಗೋಡೆಗೆ ಸರಳು, ಮಂಚದ ಪಕ್ಕ ಗಂಟೆ, ರಾತ್ರಿಯೂ ನರ್ಸ್. ಅವ್ವನ ಮನಸ್ಸಿಗೆ ಬಂತು.

ತಂಗಿ ಜೊತೆಗಿದ್ದರೆ ಮಾತ್ರ ಬರುವೆನೆಂದು ದೊಡ್ಡವ್ವ ಹಟ ಹಿಡಿದಳು. ಇಬ್ಬರನ್ನೂ ಬಿಟ್ಟು ಬಂದೆ. ಮುಂದೆ ಹೋದಾಗಲೆಲ್ಲ ಅಕ್ಕತಂಗಿಯರು ಮಂಚದ ಮೇಲೆ ಚೌಕಾಬಾರ ಆಡುತ್ತ ನನ್ನತ್ತ ತಲೆ ಎತ್ತುತ್ತಿರಲಿಲ್ಲ. ದೊಡ್ಡವ್ವ ಕೋಲೂರಿ ನಡೆಯುವಂತಾದಳು. ಕರೆತರಲು ಜೀಪು ಮಾಡಿಕೊಂಡು ಹೋದೆ. ಅವಳು ಚೀಲ ಹಿಡಿದು ಹತ್ತಿ ಕೂತಳು. ಅವ್ವ ಮಾತ್ರ ಅಲುಗಲಿಲ್ಲ.

"ನೀವು ನಡೀರಿ. ಇಲ್ಲಿ ಕೂತಲ್ಲೇ ಚಹಾ ಬರ್ತದ. ಇನ್ನೊಂದಿಷ್ಟು ದಿನ ಇದ್ದು ಬರ್ತೇನಿ."