ಸಿಗಡಿಗಳ ಒಪ್ಪತ್ತು

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ಬುಧವಾರ, ಬೆಳಗಿನ ಆರೂಕಾಲು ಗಂಟೆಯ ಬಸ್ಸಿಗೆ ನಾನು ಕೂಡ್ಲಿಗಿ ಬಿಟ್ಟೆ. ಕೈಯಲ್ಲಿ ರೊಟ್ಟಿಯ ಗಂಟು, ಒಂದು ತಂಬಿಗೆ ನೀರು, ಕಂಕುಳಲ್ಲಿ ಮಡಚಿದ ಖಾಲಿ ಗೋಣಿಚೀಲ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಹಿರಿಯರ ಹಬ್ಬಕ್ಕೆ ಮನೆಯಲ್ಲಿ ಇಲ್ಲದೆ ಹೋದದ್ದು ಇದೇ ಮೊದಲು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿರುವ ನಮ್ಮ ಮನೆಯವರು ಬಸ್ ನಿಲ್ದಾಣದ ತನಕ ಬಂದು, "ಹಿರೇರಿಗೆ ಎಡಿ ನಾನ ಇಡ್ತೀನಿ. ನೀ ಚಿಂತಿ ಮಾಡಬ್ಯಾಡ, ಹೋಗಿ ಬಾ" ಎಂದರು. ಆ ಮಾತಿನಿಂದಲೇ ಅರ್ಧ ಭಾರ ಇಳಿಯಿತು. ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ದೇವರು ಕೊಡುವಾಗ ಹೀಗೇ, ಸಣ್ಣ ಸಣ್ಣದನ್ನೇ ಕೊಡುತ್ತಾನೆ.

ಹೊರಟದ್ದು ತಮ್ಮನ ಸಲುವಾಗಿ. ನನ್ನ ತಮ್ಮ ಮೈಲಾರಿ ಹಡಗಲಿಯ ಆಚೆ ಹೊಳೆಯ ದಂಡೆಯ ಹೊಲದಲ್ಲಿ ಎರಡು ಹೊಂಡ ತೋಡಿಸಿ ಸಿಗಡಿ ಸಾಕಲು ಕೈಹಾಕಿದ್ದ. ಕರಾವಳಿ ಕಡೆಯ ಮುದುಕರೊಬ್ಬರು ಮರಿಗಳನ್ನು ತಂದುಕೊಟ್ಟು, ಎರಡು ದಿನ ಇದ್ದು, ಸಾಕುವ ಬಗೆ ಹೇಳಿ ಹೋಗಿದ್ದರು. ಕುರಿ ಸಾಕುವ ಮನೆತನದ ಹುಡುಗ ನೀರಿನ ಹುಳ ಸಾಕುತ್ತಾನೆಂದು ಊರೆಲ್ಲ ನಕ್ಕಿತ್ತು. ಹೋದ ವಾರ ಅವನ ಕಾರ್ಡು ಬಂತು: "ಅಕ್ಕಾ, ಮೊದಲನೇ ಹೊಂಡದವು ಪೂರಾ ಸತ್ತವು. ಇಲ್ಲಿಯ ಹಿಂಡಿಗೆ ಬೂಸ್ಟು ಹಿಡಿದಿತ್ತು ಅಂತ ಕಾಣುತ್ತದೆ. ಕೊಟ್ಟೂರಿನ ಗಾಣದಿಂದ ತಾಜಾ ಶೇಂಗಾ ಹಿಂಡಿ ತಂದುಕೊಡು. ಎರಡನೇ ಹೊಂಡವೂ ಹೋದರೆ ಎರಡನ್ನೂ ಮುಚ್ಚಿಸಿ ಕುರಿಯ ಹಿಂದೆ ಹೋಗುತ್ತೇನೆ." ಕೊನೆಯ ಸಾಲಿನ ಅಕ್ಷರ ಗೀಚಿದ ಹಾಗಿತ್ತು. ಅವನನ್ನು ಎತ್ತಿ ಆಡಿಸಿದವಳು ನಾನು. ಅವನ ಅಕ್ಷರ ಯಾವಾಗ ನಡುಗುತ್ತದೆಂದು ನನಗೆ ಗೊತ್ತು.

ಕೊಟ್ಟೂರಿನಲ್ಲಿ ಇಳಿದಾಗ ಎಳೆ ಬಿಸಿಲು. ದೂರದಿಂದಲೇ ಗುಡಿಯ ಸ್ವಾಮಿಗೆ ಕೈಮುಗಿದು ಗಾಣದ ಕಡೆ ನಡೆದೆ. ಗಾಣದ ಬಸಪ್ಪಜ್ಜನಿಗೆ ನಮ್ಮ ತವರಿನವರ ಗುರುತು ಉಂಟು. ಗೋಡೆಯ ಪಕ್ಕ ಪೇರಿಸಿದ್ದ ಹಿಂಡಿಯನ್ನು ತೋರಿಸಿ, ತಮ್ಮನ ಸಿಗಡಿಗೆ ಬೇಕು, ಇದನ್ನೇ ಕಟ್ಟಿಕೊಡಿ ಎಂದೆ.

"ಅದು ಬ್ಯಾಡವ್ವ. ಗೋಡಿ ಥಂಡಿ ಹಿಡದೈತಿ, ಎಮ್ಮಿ ತಿಂದೀತು, ನಿನ್ನ ತಮ್ಮನ ಹುಳ ತಾಳಂಗಿಲ್ಲ" ಎಂದ ಅಜ್ಜ, ಒಳಗಿನಿಂದ ಅಂದಿನದೇ ಹಿಂಡಿ ತಂದು ನನ್ನ ಕಿವಿಯ ಹತ್ತಿರ ಮುರಿದ. ಹಪ್ಪಳ ಮುರಿದ ಹಾಗೆ ಸಪ್ಪಳವಾಯಿತು. "ಕೇಳಿದ್ಯಾ? ತಾಜಾ ಇದ್ರ ಚಟ್ ಅಂತೈತಿ. ಬೂಸ್ಟು ಹಿಡದದ್ದು ಸಪ್ಪಳಿಲ್ದ ಬಾಗತೈತಿ. ಒಂದು ಚೂರು ಬಾಯಾಗ ಹಾಕ್ಕೋ. ಕಹಿ ಅನಿಸಿದ್ರ ಯಾರಿಗೂ ತಿನಸಬ್ಯಾಡ." ಬಾಯಿಗೆ ಹಾಕಿಕೊಂಡೆ. ಹುರಿದ ಶೇಂಗಾದ ರುಚಿ. ಕೆಟ್ಟದ್ದನ್ನು ಕೇಳಿದರೂ ಕೊಡದವನು ಸಿಕ್ಕಿದ್ದು ನನ್ನ ಪುಣ್ಯ.

ಹಗರಿಬೊಮ್ಮನಹಳ್ಳಿಯ ಬಸ್ಸಿನಲ್ಲಿ ನನಗೆ ಎರಡೂವರೆ ರೂಪಾಯಿ, ಚೀಲಕ್ಕೆ ಬೇರೆ ಒಂದು ರೂಪಾಯಿ. ಕಂಡಕ್ಟರ್ ಚೀಲ ಮೂಸಿ ನೋಡಿ, "ಎಷ್ಟು ಎಮ್ಮಿ ಅದಾವ್ರೀ ಅಮ್ಮಾರ?" ಎಂದು ಕೇಳಿದ.

"ಎಮ್ಮಿಗಲ್ಲಪ್ಪ, ಸಿಗಡಿಗೆ."

"ಸಿಗಡಿ ಅಂದ್ರ?"

"ನೀರಾಗಿನ ಚೇಳು ಇರತೈತಲ್ಲೋ" ಎಂದರು ಹಿಂದಿನ ಸೀಟಿನ ಮುದುಕರು.

"ಹಂಗಾರ ಹಾಲು ಎಷ್ಟು ಕೊಡ್ತಾವ್ರೀ?" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ತಮ್ಮ ಇಂಥ ನಗುವನ್ನು ದಿನಾ ಕೇಳುತ್ತಾನಲ್ಲ ಎಂದು ಆಮೇಲೆ ಚೀಲವನ್ನು ಕಾಲ ಬಳಿಗೆ ಎಳೆದುಕೊಂಡೆ.

ಹಗರಿಬೊಮ್ಮನಹಳ್ಳಿಯಲ್ಲಿ ಅದೇ ಬಸ್ಸು ಹಡಗಲಿಗೆ ಹೊರಡುವ ತನಕ ಒಂದೂವರೆ ತಾಸು ಕಾಯಬೇಕಾಯಿತು. ಬೇವಿನ ನೆರಳಲ್ಲಿ ಚೀಲದ ಮೇಲೆಯೇ ಕುಳಿತು ರೊಟ್ಟಿ, ಪುಂಡಿಪಲ್ಯ ಉಂಡೆ. ಮುಂದೆ ದಾರಿಯಲ್ಲಿ ಮೋಡ ಕವಿದು ನಾಲ್ಕು ಹನಿ ಉದುರಿದಾಗ ಜೀವ ಹೊಡೆದುಕೊಂಡಿತು. ಚೀಲ ಬಸ್ಸಿನ ಮೇಲಿತ್ತು. ಹಿಂಡಿಗೆ ನೀರು ತಾಗಿದರೆ ಬಂದದ್ದೇ ದಂಡ. ಆದರೆ ಕಂಡಕ್ಟರ್ ಮೇಲೆ ಹತ್ತಿ ತಾಡಪಾಲು ಎಳೆದು ಬಂದು, "ನಿಮ್ಮ ಚೇಳಿನ ಬುತ್ತಿ ತೊಯ್ದಿಲ್ರಿ" ಎಂದ. ನಗುವವರಲ್ಲಿಯೂ ಒಳ್ಳೆಯವರಿರುತ್ತಾರೆ.

ಹಡಗಲಿಯಲ್ಲಿ ಮೈಲಾರಿ ಎತ್ತಿನ ಗಾಡಿಯೊಂದಿಗೆ ಕಾಯುತ್ತಿದ್ದ. ಅವನ ಗಡ್ಡ ಬೆಳೆದಿತ್ತು. ಸಂಜೆಗೆ ಮುಂಚೆ ಅವನ ಮನೆ ಮುಟ್ಟಿದೆವು. ಅವನ ಹೆಂಡತಿ ರತ್ನಾ ಕಾಲಿಗೆ ನೀರು ಕೊಟ್ಟಳು, ತಲೆಗೆ ಒಂದು ಮೊಳ ಮಲ್ಲಿಗೆ ಮುಡಿಸಿದಳು. ಅಲ್ಲಿಂದಲೇ ಹೊಂಡಕ್ಕೆ ನಡೆದೆವು.

ಒಂದು ಹೊಂಡ ಖಾಲಿ, ಕಪ್ಪು ಕೆಸರು ಬಿರಿದಿತ್ತು. ಇನ್ನೊಂದರಲ್ಲಿ ಹಸಿರು ನೀರು. ತಮ್ಮ ನೀರಿಗೆ ಇಳಿಬಿಟ್ಟಿದ್ದ ತಟ್ಟೆಯೊಂದನ್ನು ಹಗ್ಗ ಹಿಡಿದು ಮೇಲೆತ್ತಿದ. ಬಿದಿರಿನ ಚೌಕಟ್ಟಿಗೆ ಸೊಳ್ಳೆ ಪರದೆಯ ಬಟ್ಟೆ ಬಿಗಿದು ಮಾಡಿದ್ದು. ಅದರಲ್ಲಿ ಮೂರು ಸಿಗಡಿ ಸಿಡಿದವು. ಗಾಜಿನಂಥ ಮೈ, ನೀಲಿ ಇಕ್ಕಳಗಾಲು, ಮೈಗಿಂತ ಉದ್ದ ಮೀಸೆ. ಹೆದರಿ ಹಿಂದೆ ಸರಿದೆ. ಮರುಕ್ಷಣ, ಇಂಥದ್ದನ್ನೂ ಎಷ್ಟು ನಾಜೂಕಾಗಿ ಮಾಡಿದ್ದಾನಲ್ಲ ದೇವರು ಅನ್ನಿಸಿತು.

ಊಟ ಹಾಕುವ ಬಗೆಯನ್ನು ತಮ್ಮ ತೋರಿಸಿದ. ಕಂಪನಿಯ ಗುಳಿಗೆ ಆಹಾರ ನಮ್ಮ ಕಡೆ ಸಿಗುವುದಿಲ್ಲ. ಹಿಂಡಿಪುಡಿ, ಅಕ್ಕಿ ತೌಡು, ಒಣಮೀನಿನ ಪುಡಿ ಕಲಸಿ ಉಂಡೆ ಕಟ್ಟಿ, ಬೆಳಗ್ಗೆ ಸ್ವಲ್ಪ, ಸಂಜೆ ಹೆಚ್ಚು ಹಾಕಬೇಕು. ತಟ್ಟೆಯಲ್ಲಿ ಇಟ್ಟದ್ದನ್ನು ಎರಡು ತಾಸು ಬಿಟ್ಟು ಎತ್ತಿ ನೋಡಿದರೆ ಉಂಡವೋ ಇಲ್ಲವೋ ತಿಳಿಯುತ್ತದೆ. ನಾನು ಒಂದು ಉಂಡೆಯನ್ನು ತಂಬಿಗೆಯ ನೀರಿಗೆ ಹಾಕಿದೆ. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಕರಗಿ ನೀರು ರಾಡಿಯಾಯಿತು.

"ಲೇ ತಮ್ಮಾ, ಇದು ಅವುಗಳ ಬಾಯಿಗೆ ಹೋಗೂದರಾಗ ಕೆಸರಾಗತೈತಲ್ಲೋ" ಎಂದೆ. ರಾಗಿ ಗಂಜಿ ಕಾಸಿ, ಅದರಲ್ಲಿ ಕಲಸಿ, ಕಡುಬು ಬೇಯಿಸುವ ಹಾಗೆ ಹಬೆಯಲ್ಲಿ ಬೇಯಿಸಿಕೊಟ್ಟೆ. ಒಣಮೀನಿನ ವಾಸನೆಗೆ ಮೂಗಿಗೆ ಸೆರಗು ಕಟ್ಟಿಕೊಂಡೇ ಮಾಡಿದೆ. ಆ ಉಂಡೆ ಒಂದು ತಾಸು ನೀರಿನಲ್ಲಿಟ್ಟರೂ ಮುರಿಯಲಿಲ್ಲ. ರತ್ನಾ, "ಅಕ್ಕಾರ, ಹುಳಕ್ಕೂ ಹಬ್ಬದ ಅಡಗಿ ಬಂತು ನೋಡ್ರಿ" ಎಂದಳು.

ಗುರುವಾರ ಅಮಾವಾಸ್ಯೆ. ನಸುಕಿನಲ್ಲಿ ಹೊಸ ಹಿಂಡಿಯ ಉಂಡೆ ಇಟ್ಟು, ಎರಡು ತಾಸು ಬಿಟ್ಟು ತಟ್ಟೆ ಎತ್ತಿದರೆ ಇಟ್ಟದ್ದು ಇಟ್ಟ ಹಾಗೇ ಇತ್ತು. ನಾಲ್ಕು ಮೂಲೆಯ ತಟ್ಟೆಗಳೂ ಹಾಗೇ. ತಮ್ಮ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

"ಮೊದಲನೇದರಾಗೂ ಹಿಂಗ ಆತಕ್ಕಾ. ಉಣ್ಣೂದು ಬಿಟ್ಟವು. ಇನ್ನಷ್ಟು ಹಾಕಿದೆ. ಮೂರು ದಿನಕ್ಕ ಎಲ್ಲಾ ದಂಡಿಗೆ ಬಂದು ಸತ್ವು."

"ಇನ್ನಷ್ಟು ಅಂದ್ರ?"

"ದುಪ್ಪಟ್ಟು. ಹಸಿವಿ ಸತ್ತೈತಿ, ವಾಸನಿಗಾರ ಬರ್ತಾವು ಅಂದ್ಕೊಂಡೆ. ಇವತ್ತೂ ಸಂಜಿಗೆ ದುಪ್ಪಟ್ಟು ಹಾಕ್ತೀನಿ. ಹೊಸಾ ಹಿಂಡಿ ಐತಿ, ತಿಂತಾವು."

ನನಗೆ ತಿಳಿಯದ ವಿಷಯ. ತಟ್ಟೆಗಳನ್ನು ಎತ್ತಿಕೊಂಡು ನೀರಿನ ಬಳಿ ಕುಳಿತೆ. ತಟ್ಟೆ ತೊಳೆಯುವಾಗ ಬಟ್ಟೆಗೆ ಅಂಟಿಕೊಂಡಿದ್ದ ತೆಳ್ಳನೆಯ ಸಿಪ್ಪೆಗಳು ಕೈಗೆ ಬಂದವು. ಸಿಗಡಿಯದೇ ಆಕಾರ, ಮೀಸೆ ಸಮೇತ, ಒಳಗೆ ಏನೂ ಇಲ್ಲ. ಅವನ್ನು ಬದುವಿನ ಮೇಲೆ ಒಣಗಲು ಬಿಟ್ಟೆ.

ಮಧ್ಯಾಹ್ನ ಹಿರಿಯರಿಗೆ ಎಡೆ ಇಟ್ಟು ಊಟಕ್ಕೆ ಕುಳಿತೆವು. ಅಮಾವಾಸ್ಯೆಗೆ ನಾನು ಒಪ್ಪತ್ತು ಇರುವವಳು, ಅದೊಂದೇ ಊಟ, ಅದೂ ಹಗುರ. ರತ್ನಾಳ ಹೋಳಿಗೆ ಬಾಯಲ್ಲಿ ಕರಗುವಂತಿತ್ತು. ಒಂದು ತಿಂದೆ. ತಮ್ಮ ಇನ್ನೊಂದು ಹಾಕಿದ. ಸಾಕು ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಮೂರನೆಯದನ್ನು ಜಾರಿಸಿದ. "ಅಪರೂಪಕ್ಕ ಬಂದೀ, ತಿನ್ನಕ್ಕಾ." ಎರಡೂ ಎಲೆಯಲ್ಲೇ ಉಳಿದವು. ಅನ್ನ ಕೆಡಿಸಿದ ಸಂಕಟ ನನಗೆ.

ರತ್ನಾ ಗಂಡನಿಗೆ ನೆಟ್ಟಗೆ ಅಂದಳು: "ಸಾಕಾಕ ಹೊಂಟೀರಿ, ಸಾಕು ಅಂದದ್ದು ಮಾತ್ರ ನಿಮ್ಮ ಕಿವಿಗೆ ಬೀಳಂಗಿಲ್ಲ. ಹೊಂಡದಾಗೂ ಇದ, ಎಲಿಮ್ಯಾಲೂ ಇದ."

ತಮಾಷೆಗೆ ಅಂದ ಮಾತು. ನನಗೆ ಮಾತ್ರ ಬದುವಿನ ಮೇಲಿನ ಸಿಪ್ಪೆ ಕಣ್ಣಿಗೆ ಕಟ್ಟಿತು.

"ಲೇ ಮೈಲಾರಿ, ಹಾವು ಪೊರಿ ಬಿಡೂ ಮುಂದ ಉಣ್ಣತೈತೇನೋ?"

"ಇಲ್ಲ. ಯಾಕ?"

"ನಿನ್ನವೂ ಪೊರಿ ಬಿಟ್ಟಾವು. ನಾ ನೋಡೀನಿ. ಮೊದಲನೇ ಹೊಂಡ ಉಣ್ಣೂದು ಬಿಟ್ಟದ್ದು ಯಾವತ್ತು?"

ಅವನು ಯೋಚಿಸಿದ. "ಅವತ್ತು ಆಳು ಬರಲಿಲ್ಲ. ಎತ್ತು ಹೂಡಂಗಿಲ್ಲ ಅಂದ್ರು... ಅಮಾಸಿ ಇತ್ತು." ಕೈತುತ್ತು ಹಾಗೇ ನಿಂತಿತು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಮರಿ ತಂದ ಮುದುಕ ಹೇಳಿದ್ದ ಅಕ್ಕಾ. ಅಮಾಸಿ ಹುಣ್ಣಿಮಿಗೆ ಊಟ ಕಡಿಮಿ ಮಾಡ್ರಿ ಅಂದಿದ್ದ. ನಾನು ಇದೊಂದು ಶಾಸ್ತ್ರ ಅಂತ ನಕ್ಕು ಬಿಟ್ಟಿದ್ದೆ" ಎಂದ.

ಕಾಲೇಜಿಗೆ ಹೋದಾಗಿನಿಂದ ನನ್ನ ತಮ್ಮ ಅಮಾವಾಸ್ಯೆ, ರಾಹುಕಾಲ ಎಂದರೆ ನಗುವವನು. ನನ್ನ ಒಪ್ಪತ್ತನ್ನೂ ಎಷ್ಟೋ ಸಲ ಆಡಿಕೊಂಡಿದ್ದಾನೆ. ಆ ಮುದುಕರು ಹೇಳಿದ್ದು ಶಾಸ್ತ್ರವಲ್ಲ, ಕಸುಬು. ಆ ದಿನಗಳಲ್ಲಿ ಪೊರೆ ಬಿಡುವ ಹುಳ ಉಣ್ಣದು, ಹೆಚ್ಚಿಗೆ ಹಾಕಿದ್ದು ತಳದಲ್ಲಿ ಕೊಳೆತು ನೀರು ಕೆಡುತ್ತದೆ. ಶಾಸ್ತ್ರಕ್ಕೂ ಕಸುಬಿಗೂ ಒಂದೇ ದಿನ ಬಂದದ್ದರಿಂದ ಇವನಿಗೆ ಗೊತ್ತಾಗಲಿಲ್ಲ. ನಾನೇನೂ ಜಾಣೆಯಲ್ಲ. ಉಪವಾಸ ಇರುವವರನ್ನು ಒತ್ತಾಯ ಮಾಡಿದರೆ ಏನಾಗುತ್ತದೆಂದು ಗೊತ್ತಿತ್ತು, ಅಷ್ಟೇ.

"ಹಸಿದ್ರ ಒಂದನ್ನೊಂದು ತಿಂತಾವು ಅಕ್ಕಾ. ಪೊರಿ ಬಿಟ್ಟವು ಮೆತ್ತಗ ಇರ್ತಾವು, ಅವನ್ನ ಮೊದಲು ಹಿಡಿತಾವು."

"ಪೂರಾ ಬಂದ್ ಮಾಡು ಅಂದಿಲ್ಲ. ಒಪ್ಪತ್ತಿನಷ್ಟು ಹಾಕು."

ಸಂಜೆ ತಟ್ಟೆಗೆ ಒಂದೊಂದೇ ಹಿಡಿ ಇಟ್ಟ. ತಳದ ನೀರು ಹೊರಗೆ ಬಿಟ್ಟು, ಡೀಸೆಲ್ ಪಂಪು ಹಚ್ಚಿ ಹೊಳೆಯ ನೀರು ತುಂಬಿಸಿದ. ತೆಂಗಿನ ಗರಿ, ಮುರಿದ ಕೊಡಗಳನ್ನು ನೀರಿಗೆ ಇಳಿಸಿದೆವು, ಮೆತ್ತಗಾದವು ಅಡಗಿಕೊಳ್ಳಲಿ ಎಂದು.

ಶುಕ್ರವಾರ ಬೆಳಗ್ಗೆ ನೋಡಿದರೆ ಆ ಒಂದು ಹಿಡಿಯೂ ಅರ್ಧ ಉಳಿದಿತ್ತು. ಅದಕ್ಕಿಂತ ಮಿಗಿಲಾಗಿ, ದಂಡೆಯಲ್ಲಿ ಎರಡು ಸತ್ತು ಬಿದ್ದಿದ್ದವು, ಅರ್ಧ ತಿಂದಂತೆ. ತಮ್ಮ ಅವನ್ನು ನನ್ನ ಮುಂದೆ ಹಿಡಿದ. "ನೋಡು. ನಿನ್ನ ಒಪ್ಪತ್ತಿಗೆ ನನ್ನ ಹೊಂಡ ಹೋಗ್ತೈತಿ." ಹಾಗೆಂದವನೇ ಉಂಡೆಯ ಪುಟ್ಟಿ ಎತ್ತಿದ. ನಾನು ಅವನ ಮುಂಗೈ ಹಿಡಿದೆ.

"ಒಂದು ದಿನ ತಡಿ. ಇದು ತಪ್ಪಾದ್ರ ನನಗ ಬೈ, ತವರಿಗೆ ಕಾಲಿಡಬ್ಯಾಡ ಅನ್ನು. ಇವತ್ತೊಂದು ದಿನ ತಡಿ."

ಅವನು ಪುಟ್ಟಿ ಇಳಿಸಿದ. ಆ ದಿನವೆಲ್ಲ ಹೊಂಡ ಬಿಟ್ಟು ಕದಲಲಿಲ್ಲ. ನಾನು ಅಟ್ಟುಣ್ಣುವ ಹೆಂಗಸು, ಯಾರದೋ ಬದುಕಿನ ಮೇಲೆ ಕೈ ಇಟ್ಟೆನಲ್ಲ ಎಂದು ಮೈಲಾರಲಿಂಗನನ್ನು ನೆನೆದು ನೆನೆದು ಬಾಯಿ ಒಣಗಿತು. ಸಂಜೆ ಮತ್ತೆ ಒಂದೊಂದೇ ಹಿಡಿ. ಬೇರೆ ಸತ್ತವು ಕಾಣಲಿಲ್ಲ. ಇಷ್ಟಾದರೂ ಆಯಿತಲ್ಲ ಎಂದು ಕೈಮುಗಿದೆ.

ಶನಿವಾರ ನಾನು ಹೊರಡಲೇಬೇಕಿತ್ತು. ಮನೆಯವರ ಊಟದ ಡಬ್ಬಿಗೆ ಸೋಮವಾರದಿಂದ ನಾನೇ ಬೇಕು. ಹಡಗಲಿಗೆ ತಿರುಗಿ ಹೋಗದೆ, ಊರ ಮುಂದೆಯೇ ಹಾಯುವ ಹರಪನಹಳ್ಳಿಯ ಬಸ್ಸು ಹಿಡಿದರೆ ಅಲ್ಲಿಂದ ಕೊಟ್ಟೂರು, ಕೂಡ್ಲಿಗಿ ಸಲೀಸು. ಪೊರೆ ಬಿಡುವ ದಿನ ಕಳೆಯಿತೆಂದು ನಸುಕಿನಲ್ಲಿ ತಟ್ಟೆಗೆ ಪೂರ್ತಿ ಅಳತೆಯ ಊಟ ಇಟ್ಟರು. ಎತ್ತಿ ನೋಡುವ ಹೊತ್ತಿಗೂ ಬಸ್ಸಿನ ಹೊತ್ತಿಗೂ ಐದೇ ನಿಮಿಷದ ಅಂತರ, ಹೊಂಡದಿಂದ ಊರ ಮುಂದೆ ಬಸ್ಸು ನಿಲ್ಲುವ ಜಾಗಕ್ಕೆ ಹತ್ತು ನಿಮಿಷದ ದಾರಿ.

ತಮ್ಮ ರಸ್ತೆಯ ಕಡೆ ಕೈ ತೋರಿಸಿದ. "ನೀ ಬಸ್ಸಿಗೆ ನಿಂದ್ರಕ್ಕಾ. ಬಸ್ಸು ನಮ್ಮ ಹೊಂಡದ ಮಗ್ಗಲ ಹಾಯತೈತಿ, ಕಿಟಕಿಯಾಗ ನೋಡು. ಉಂಡಿದ್ರ ತಟ್ಟಿ ಬೋರಲು ಮಾಡಿ ತೋರಸ್ತೀನಿ."

"ಉಣ್ಣದಿದ್ರ?"

"ಉಣ್ಣದಿದ್ರ ನಾ ಅಲ್ಲಿ ಇರಂಗಿಲ್ಲ."

ರತ್ನಾ ನನ್ನ ಖಾಲಿ ಚೀಲದಲ್ಲಿ ಎರಡು ಸೇರು ಜೋಳ, ಬಾಳೆಲೆಯಲ್ಲಿ ಮಲ್ಲಿಗೆ ಇಟ್ಟು ಕಟ್ಟಿಕೊಟ್ಟು, ಗಂಡನ ಹಿಂದೆ ಹೊಂಡಕ್ಕೆ ಓಡಿದಳು. ಬಸ್ಸು ಬಂತು. ಎಡಗಡೆ ಕಿಟಕಿಯಲ್ಲಿ ಕುಳಿತಿದ್ದ ಹೆಂಗಸು ನನ್ನ ಮುಖ ನೋಡಿಯೇ ಸರಿದು ಜಾಗ ಕೊಟ್ಟಳು. ಅವಳ ಹೊಟ್ಟೆ ತಣ್ಣಗಿರಲಿ. ಹರಪನಹಳ್ಳಿಗೆ ಒಂದು ಎಂದು ಚಿಲ್ಲರೆ ಕೈಯಲ್ಲಿ ಹಿಡಿದು, ಕಣ್ಣು ಹೊರಗೆ ನೆಟ್ಟೆ.

ಖಾಲಿ ಹೊಂಡ ಮೊದಲು ಬಂತು. ಆಮೇಲೆ ಹಸಿರು ನೀರು. ಬದುವಿನ ಮೇಲೆ ಯಾರೂ ಇರಲಿಲ್ಲ.

ಬಸ್ಸು ಹೊಂಡವನ್ನು ದಾಟಿಯೇಬಿಟ್ಟಿತು. ಕತ್ತು ಹೊರಗೆ ಹಾಕಿ ಹಿಂದೆ ನೋಡಿದರೆ, ಆಚೆ ಮೂಲೆಯ ಇಳಿಜಾರಿನಿಂದ ಮೈಲಾರಿ ಬದು ಹತ್ತಿ ಓಡಿಬರುತ್ತಿದ್ದ. ಮೊಳಕಾಲ ತನಕ ಕೆಸರು. ತಟ್ಟೆಯನ್ನು ಬೋರಲು ಮಾಡಿ ತಲೆಯ ಮೇಲೆ ಟೋಪಿಯ ಹಾಗೆ ಹೊತ್ತಿದ್ದ, ಅದರ ನಾಲ್ಕು ಹಗ್ಗ ಹೆಗಲ ಮೇಲೆ ಕುಣಿಯುತ್ತಿದ್ದವು. ಅವನ ಹಿಂದೆ ರತ್ನಾ, ಎರಡೂ ಕೈಯಲ್ಲಿ ಇನ್ನೆರಡು ತಟ್ಟೆ ಬೋರಲು ಹಿಡಿದು.

"ಯಾರ್ರೀ ಅಂವ, ಜರಡಿ ಹೊತ್ಕೊಂಡು ಕುಣಿಯಾಂವ?" ಎಂದ ಕಂಡಕ್ಟರ್, ಚೀಟಿ ಹರಿಯುತ್ತ.

"ನನ್ನ ತಮ್ಮಪ್ಪ" ಎಂದೆ. "ಮನಿ ಮಂದಿ ಎಲ್ಲಾ ಉಂಡಾರಂತ, ಅದಕ್ಕ."